ಐವರು ಕೂಡಿ ಒಂದು ಚಿತ್ರ

ಎಂಟು ನಿಮಿಷದ ಚಿತ್ರವೊಂದನ್ನು ಮಾಡುವುದಕ್ಕೆ ಐದು ಜನ ವಿದ್ಯಾರ್ಥಿಗಳಿಗೆ ಮೂರು ತಿಂಗಳು ಹಿಡಿಯಿತೆಂದರೆ ಕೇಳಿದವರಿಗೆ ನಗು ಬರಬಹುದು. ಮನೆ ಕಟ್ಟಿಸುವವರು ಕೂಡ ಅಷ್ಟು ದಿನದಲ್ಲಿ ಗೋಡೆ ಎಬ್ಬಿಸಿ ಬಾಗಿಲು ನಿಲ್ಲಿಸಿರುತ್ತಾರೆ. ಆ ಮೂರು ತಿಂಗಳೂ ನಾನು ಅವರ ಜೊತೆಗಿದ್ದೆ. ಅಧ್ಯಾಪಕನೆಂಬುದು ಹೆಸರಿಗೆ ಮಾತ್ರ; ನನಗಿದ್ದ ಕೆಲಸವೆಂದರೆ ಕಾಫಿ ತರಿಸುವುದು, ಪ್ರಿನ್ಸಿಪಾಲರಿಂದ ಅನುಮತಿ ಪತ್ರ ಬರೆಸಿಕೊಳ್ಳುವುದು, ಬಿಸಿಲು ಬಿದ್ದಾಗ ಕ್ಯಾಮೆರಾದ ಮೇಲೆ ಕೊಡೆ ಹಿಡಿಯುವುದು. ಕೈಯಲ್ಲಿ ಕೆಲಸವಿಲ್ಲದವನಿಗೆ ಎಲ್ಲರ ಕೆಲಸವೂ ಕಾಣುತ್ತದೆಯಷ್ಟೆ. ಹಾಗೆ ಕಂಡದ್ದನ್ನು ಈ ಹೊತ್ತು ನಿಮಗೆ ಹೇಳಬೇಕೆಂದಿದ್ದೇನೆ.

ಕಥೆ ಸಣ್ಣದು. ಮಲೆನಾಡಿನ ಒಂದು ಪೇಟೆ. ಮಳೆಗಾಲ ಹತ್ತಿರ ಬಂದಾಗ ಬಸ್ ನಿಲ್ದಾಣದ ಮಗ್ಗುಲಲ್ಲಿ ಕೊಡೆ ರಿಪೇರಿ ಮಾಡುವ ಮುದುಕರೊಬ್ಬರು ಗೋಣಿ ಹಾಸಿ ಕೂರುತ್ತಾರೆ. ಹುಡುಗನೊಬ್ಬ ತೀರಿಹೋದ ತನ್ನ ಅಜ್ಜನ ಕೊಡೆ ತರುತ್ತಾನೆ. ಕಡ್ಡಿ ಮುರಿದಿದೆ, ಬಟ್ಟೆ ಜೂಲುಜೂಲಾಗಿದೆ. ಇದಕ್ಕೆ ಹಾಕುವ ದುಡ್ಡಿಗೆ ಹೊಸದೇ ಬರುತ್ತದಲ್ಲಪ್ಪ ಎನ್ನುತ್ತಾರೆ ಮುದುಕರು. ಹುಡುಗ ಜಪ್ಪಯ್ಯ ಎನ್ನುವುದಿಲ್ಲ. ರಿಪೇರಿಯಾಗುತ್ತದೆ, ಮಳೆ ಬರುತ್ತದೆ, ಹುಡುಗ ಕೊಡೆ ಬಿಚ್ಚಿ ಮನೆಗೆ ನಡೆಯುತ್ತಾನೆ. ಇಷ್ಟೇ.

ಮೊದಲ ದಿನ ಕೆಲಸ ಹಂಚಲು ಕುಳಿತಾಗ ತಿಳಿದದ್ದೇನೆಂದರೆ, ಐವರಲ್ಲಿ ನಾಲ್ವರು ನಿರ್ದೇಶಕರು! ಕಡೆಗೆ ಕಥೆ ಯಾರದೋ ಅವನೇ ನಿರ್ದೇಶಕನೆಂದು ಇತ್ಯರ್ಥವಾಯಿತು. ಸ್ವಂತ ಕ್ಯಾಮೆರಾ ಇದ್ದವನು ಕ್ಯಾಮೆರಾ ಹಿಡಿದ. ಕಂಪ್ಯೂಟರಿನಲ್ಲಿ ಪಳಗಿದ ಹುಡುಗಿಗೆ ಸಂಕಲನ ಬಂತು. ನಾಲ್ಕನೆಯವನು ಖರ್ಚುವೆಚ್ಚದ ಲೆಕ್ಕವನ್ನೂ, ಯಾವ ಷಾಟಿನಲ್ಲಿ ಕೊಡೆ ಯಾವ ಕೈಯಲ್ಲಿತ್ತು, ಅಂಗಿಯ ಗುಂಡಿ ಹಾಕಿತ್ತೆ ಬಿಚ್ಚಿತ್ತೆ ಎಂಬ ದಾಖಲೆಯನ್ನೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಡಲು ಒಪ್ಪಿಕೊಂಡ. ಉಳಿದದ್ದು ಶಬ್ದ. ಅದು ಯಾರಿಗೂ ಬೇಡ. ‘ನನಗೆ ಏನಾದರೂ ಸರಿ’ ಎಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಹುಡುಗಿಯ ಪಾಲಿಗೆ ಅದು ಬಿತ್ತು.

ಈ ಬಗೆಯ ಹಂಚಿಕೆ ನಮ್ಮ ಹುಡುಗರು ಕಂಡುಹಿಡಿದದ್ದೇನಲ್ಲ. ಪುಣೆಯಲ್ಲಿ, ಹಿಂದೆ ಪ್ರಭಾತ್ ಕಂಪನಿಯ ಸ್ಟುಡಿಯೋ ಇದ್ದ ಆವರಣದಲ್ಲಿ, ೧೯೬೦ರಲ್ಲಿ ಚಲಚ್ಚಿತ್ರ ಶಿಕ್ಷಣ ಸಂಸ್ಥೆ ಪ್ರಾರಂಭವಾಯಿತು. ನಮ್ಮ ಗಿರೀಶ ಕಾಸರವಳ್ಳಿಯವರು ಓದಿದ್ದು ಅಲ್ಲಿಯೇ. ಅಲ್ಲಿ ನಿರ್ದೇಶನ, ಛಾಯಾಗ್ರಹಣ, ಸಂಕಲನ, ಶಬ್ದ ಇವುಗಳನ್ನು ಬೇರೆ ಬೇರೆಯಾಗಿ ಕಲಿಸುತ್ತಾರೆ. ಕಲಿತವರನ್ನು ಒಟ್ಟಿಗೆ ತಂದು ಒಂದು ಚಿತ್ರ ಮಾಡಿ ಎನ್ನುತ್ತಾರೆ. ಕಲಿಸುವುದು ಸುಲಭ, ಒಟ್ಟಿಗೆ ತರುವುದೇ ಕಷ್ಟವೆಂದು ನನಗನ್ನಿಸಿದ್ದುಂಟು. ನಾಟಕದಲ್ಲಿ, ಯಕ್ಷಗಾನದಲ್ಲಿ ಈ ಕಷ್ಟ ಇಷ್ಟಿಲ್ಲ. ಹಿಮ್ಮೇಳ ಮುಮ್ಮೇಳ ಎರಡೂ ಒಂದೇ ರಂಗದ ಮೇಲಿರುತ್ತವೆ. ವೇಷಧಾರಿ ಎಡವಿದರೆ ಭಾಗವತರು ಅಲ್ಲೇ ಎತ್ತಿಕೊಳ್ಳುತ್ತಾರೆ. ಚಪ್ಪಾಳೆಯೂ ಅಲ್ಲೇ ಬೀಳುತ್ತದೆ. ಚಿತ್ರದಲ್ಲಿ ಈ ದಿನ ನೀವು ಪಟ್ಟ ಶ್ರಮ ಸರಿಯೋ ತಪ್ಪೋ ಎಂಬುದು ಇನ್ನೊಬ್ಬನ ಕೈಯಲ್ಲಿ, ಇನ್ನೊಂದು ತಿಂಗಳಿಗೆ ಗೊತ್ತಾಗುತ್ತದೆ. ಅಲ್ಲಿಯವರೆಗೆ ನಂಬಿಕೆಯೊಂದೇ ಗತಿ.

ಚಿತ್ರೀಕರಣಕ್ಕೆ ಬರೋಣ. ಕೊಡೆಯ ಮುದುಕರು ನಟರಲ್ಲ, ನಿಜವಾಗಿಯೂ ಕೊಡೆ ರಿಪೇರಿಯವರೇ. ಅವರು ಸೂಜಿ ಹಿಡಿದರೆ ನೋಡುವಂತಿರುತ್ತಿತ್ತು. ಆದರೆ ಚಿತ್ರಕ್ಕೆ ಒಂದೇ ಕೆಲಸವನ್ನು ಮೂರು ಸಲ ಮಾಡಿಸಬೇಕು: ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ, ಬೆರಳುಗಳನ್ನಷ್ಟೇ ಮತ್ತೊಮ್ಮೆ. ಮೊದಲನೆಯ ಷಾಟ್ ಮುಗಿಯಿತು. ‘ಅಜ್ಜಾ, ಇನ್ನೊಂದು ಸಲ’ ಎಂದ ನಿರ್ದೇಶಕ. ಮುದುಕರು ನನ್ನ ಕಡೆ ತಿರುಗಿ, ‘ಹಾಕಿದ ಹೊಲಿಗೆ ಬಿಚ್ಚಿ ಮತ್ತೆ ಹಾಕು ಅಂದ್ರೆ ಹೆಂಗೆ ಮೇಷ್ಟ್ರೇ? ಕೊಡೆ ಸರಿಯಾಗಿದೆಯಲ್ಲ!’ ಎಂದರು. ಅವರ ಮಾತಿನಲ್ಲಿ ತಪ್ಪೇನಿದೆ? ನೆಟ್ಟಗಿರುವ ಕೊಡೆಯನ್ನು ಕೆಡಿಸಲು ಅವರು ಸುತರಾಂ ಒಪ್ಪಲಿಲ್ಲ. ಮುರಿದ ಕೊಡೆ ಎಷ್ಟು ತಂದರೂ ಹೊಲಿಯಲು ಸಿದ್ಧ. ನಮ್ಮ ಲೆಕ್ಕದ ಹುಡುಗ ಹಾಸ್ಟೆಲು, ನೆರೆಮನೆ, ನೆಂಟರ ಮನೆಯೆಲ್ಲ ಸುತ್ತಿ ಹನ್ನೊಂದು ಮುರುಕು ಕರಿಕೊಡೆಗಳನ್ನು ಹೊತ್ತು ತಂದ. ಎಲ್ಲಕ್ಕೂ ಬಾಗಿದ ಮರದ ಹಿಡಿ. ಒಂದರಲ್ಲಿ ಕಡ್ಡಿ ಕೂಡಿಸಿದ್ದನ್ನು ತೆಗೆದರು. ಇನ್ನೊಂದರಲ್ಲಿ ಬಟ್ಟೆ ಹೊಲಿದದ್ದನ್ನು. ಮತ್ತೊಂದರಲ್ಲಿ ಗುಬುಟು ಬಿಗಿದದ್ದನ್ನು. ತೆರೆಯ ಮೇಲೆ ನೋಡಿದರೆ ಒಂದೇ ಕೊಡೆ, ಅಜ್ಜನ ಕೊಡೆ. ಪೇಟೆಯ ಹನ್ನೊಂದು ಕೊಡೆಗಳು ಪುಕ್ಕಟೆ ರಿಪೇರಿಯಾದದ್ದು ಲಾಭ. ಮುದುಕರ ಕೂಲಿಯನ್ನು ಮಾತ್ರ ನಾವು ಕೊಡೆಯೊಂದಕ್ಕೆ ಇಷ್ಟೆಂದು ಸಲ್ಲಿಸಿದೆವು.

ಇದು ಮೋಸವಲ್ಲವೆ ಎಂದು ನೀವು ಕೇಳಬಹುದು. ಮೋಸವೆಂದರೂ ಸರಿಯೆ, ಅದಕ್ಕೆ ನೂರು ವರ್ಷ ದಾಟಿದ ಮನೆತನವಿದೆ. ಆ ಮನೆತನದ ಮೂಲವೂ ವಿದ್ಯಾರ್ಥಿಗಳ ಒಂದು ಗುಂಪೇ. ೧೯೧೯ರಲ್ಲಿ ಮಾಸ್ಕೋ ನಗರದಲ್ಲಿ ಸರಕಾರದ ಚಲಚ್ಚಿತ್ರ ಶಾಲೆ ಹುಟ್ಟಿತು. ಅಲ್ಲಿ ಲೆವ್ ಕುಲೆಷೋವ್ ಎಂಬ, ಇಪ್ಪತ್ತು ದಾಟಿತೋ ಇಲ್ಲವೋ ಎನ್ನುವ ವಯಸ್ಸಿನ ತರುಣ ತನ್ನದೊಂದು ಕಾರ್ಯಶಾಲೆ ನಡೆಸಿದ. ಅಂತರ್ಯುದ್ಧದ ಕಾಲ; ಕಚ್ಚಾ ಫಿಲ್ಮಿಗೆ ಬರ. ಕೈಯಲ್ಲಿ ಫಿಲ್ಮಿಲ್ಲದೆ ಚಿತ್ರ ಕಲಿಯುವುದು ಹೇಗೆ? ಅವರು ಫಿಲ್ಮಿಲ್ಲದ ಚಿತ್ರಗಳನ್ನೇ ಮಾಡಿದರು! ಕ್ಯಾಮೆರಾ ತಿರುಗುತ್ತಿದೆಯೆಂದು ಭಾವಿಸಿ ದೃಶ್ಯಗಳನ್ನು ತುಣುಕು ತುಣುಕಾಗಿ ಆಡಿ ತೋರಿಸಿದರು. ಸ್ವಲ್ಪ ಫಿಲ್ಮು ಸಿಕ್ಕಾಗ ಪ್ರಯೋಗಗಳು ನಡೆದವು. ಗಂಡಸೊಬ್ಬ ಹೆಂಗಸೊಬ್ಬಳು ಮಾಸ್ಕೋವಿನ ಬೇರೆ ಬೇರೆ ಬೀದಿಗಳಿಂದ ಬಂದು ಸಂಧಿಸುತ್ತಾರೆ, ತಲೆಯೆತ್ತಿ ನೋಡುತ್ತಾರೆ. ನೋಡುವುದು ಯಾವುದೋ ಅಮೆರಿಕನ್ ಚಿತ್ರದಿಂದ ತೆಗೆದ ವಾಷಿಂಗ್ಟನ್ನಿನ ಶ್ವೇತಭವನ. ಹತ್ತುವ ಮೆಟ್ಟಿಲು ಮತ್ತೆ ಮಾಸ್ಕೋದ್ದೇ. ನೋಡುವವರಿಗೆ ಎಲ್ಲವೂ ಒಂದೇ ಊರು. ಹಲವು ಹೆಂಗಸರ ಅಂಗಾಂಗಗಳ ತುಣುಕುಗಳನ್ನು ಜೋಡಿಸಿ, ಎಲ್ಲಿಯೂ ಇಲ್ಲದ ಒಬ್ಬಳನ್ನು ತೆರೆಯ ಮೇಲೆ ನಿಲ್ಲಿಸಿದ್ದೂ ಉಂಟು. ನಮ್ಮ ಹನ್ನೊಂದು ಕೊಡೆಗಳ ಕಥೆಯೂ ಅದೇ ಜಾತಿಯದು.

ಆ ಗುಂಪಿನಲ್ಲಿದ್ದ ಪುಡೋವ್ಕಿನ್ ಮೊದಲು ರಸಾಯನಶಾಸ್ತ್ರ ಓದಿದವನು. ಬಾರ್ನೆಟ್ ಎಂಬುವನೂ ಇದ್ದ. ಇಬ್ಬರೂ ಮುಂದೆ ದೊಡ್ಡ ನಿರ್ದೇಶಕರಾದರು. ಆದರೆ ೧೯೨೪ರಲ್ಲಿ ಗುಂಪು ಮಿಸ್ಟರ್ ವೆಸ್ಟ್ ಎಂಬವನ ವಿಚಿತ್ರ ಸಾಹಸಗಳ ಚಿತ್ರ ಮಾಡಿದಾಗ ಇಬ್ಬರೂ ಅದರಲ್ಲಿ ವೇಷ ಕಟ್ಟಿದರು. ಫಿಲ್ಮು ಇಲ್ಲದ ದಿನಗಳಲ್ಲಿ ಅವರಿಗಿದ್ದ ಬಂಡವಾಳವೆಂದರೆ ಒಬ್ಬರಿಗೊಬ್ಬರು. ಇಂದಿನ ನಮ್ಮ ಮಕ್ಕಳ ಸ್ಥಿತಿ ತಿರುಗುಮುರುಗು. ಜೇಬಿನ ಫೋನಿನಲ್ಲೇ ಬೇಕಾದಷ್ಟು ಚಿತ್ರ ತೆಗೆಯಬಹುದು, ಜೊತೆಗಾರರೇ ದುರ್ಲಭ.

ಇನ್ನು ಶಬ್ದದ ಹುಡುಗಿಯ ವಿಷಯ. ರೇಡಿಯೋ ಕೇಳುವ ನಿಮಗೆ ಇದು ಹಿಡಿಸೀತು. ಚಿತ್ರವನ್ನೂ ಶಬ್ದವನ್ನೂ ಬೇರೆ ಬೇರೆ ಯಂತ್ರಗಳಲ್ಲಿ ಹಿಡಿಯುತ್ತಾರೆ. ಷಾಟಿನ ಮೊದಲಿಗೆ ಹಲಗೆ ಬಡಿಯುವುದನ್ನು ನೋಡಿದ್ದೀರಿ. ಹಲಗೆ ಕೂಡಿದ ನೋಟಕ್ಕೂ ‘ಟಪ್’ ಎಂಬ ಸದ್ದಿಗೂ ಗಂಟು ಹಾಕಿದರೆ ಎರಡೂ ಒಂದಾಗುತ್ತವೆ. ಅಲ್ಲಿಯವರೆಗೆ ಸರಿ. ಅವಳಿಗೆ ತೊಡಕಾದದ್ದು ಮಳೆ. ಜೂನಿನ ಒಳ್ಳೆಯ ಮಳೆಯನ್ನು ಹೆಂಚಿನ ಮಾಡಿನ ಕೆಳಗೆ ನಿಂತು ಮೈಕಿಗೆ ಹಿಡಿದಳು. ಕೇಳಿದರೆ ಬಾಣಲೆಯಲ್ಲಿ ಹಪ್ಪಳ ಕರಿದಂತೆ! ನಿಜವಾದ ಮಳೆ ಮಳೆಯಂತೆ ಕೇಳುವುದಿಲ್ಲವೆಂಬುದು ರೇಡಿಯೋ ನಾಟಕದವರಿಗೆ ಹಳೆಯ ಸಮಾಚಾರ. ಒಣ ಬಟಾಣಿಯನ್ನು ಜರಡಿಯಲ್ಲಿ ಹೊರಳಿಸಿ ಎಷ್ಟೋ ಮಳೆ ಸುರಿಸಿದ್ದಾರೆ ಅವರು. ನಾನು ಅದನ್ನು ಹೇಳಿದೆ. ಅವಳು ಬಟಾಣಿಯನ್ನೂ ಹೊರಳಿಸಿ ನೋಡಿದಳು, ಮನಸ್ಸಿಗೆ ಬರಲಿಲ್ಲ. ಒಂದು ಸಂಜೆ ರಿಪೇರಿಯಾದ ಕೊಡೆಯೊಂದನ್ನು ಬಿಚ್ಚಿ, ಮೈಕನ್ನು ಅದರ ಹೊಟ್ಟೆಯೊಳಗೆ ಕಟ್ಟಿ ಅಂಗಳದಲ್ಲಿ ನಿಂತಳು. ಬಿಗಿದ ಬಟ್ಟೆಯ ಮೇಲೆ ಒಂದೊಂದೇ ಹನಿ ಬೀಳುವ ಸದ್ದು. ಕಣ್ಣು ಮುಚ್ಚಿದರೆ ನಾವೇ ಆ ಕೊಡೆಯ ಕೆಳಗಿದ್ದೇವೆ. ಮನೆಗೆ ನೆನೆದುಕೊಂಡು ಹೋದಳು, ಪಾಪ.

ಜಗಳವಾದದ್ದು ಸಂಕಲನದಲ್ಲಿ. ಕ್ಯಾಮೆರಾದವನು ಮೂರು ಬೆಳಗಿನ ಜಾವ ಎದ್ದು ಗುಡ್ಡ ಹತ್ತಿ, ಕಣಿವೆಯಾಚೆಯಿಂದ ಮಳೆ ಪೇಟೆಯ ಮೇಲೆ ನಡೆದುಬರುವುದನ್ನು ಹಿಡಿದಿದ್ದ. ನಲವತ್ತು ಸೆಕೆಂಡು. ಬಹಳ ಸೊಗಸಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಒಂದು ಸೆಕೆಂಡಿಗೆ ೨೪ ಚಿತ್ರದಂತೆ ಎಂಟು ನಿಮಿಷಕ್ಕೆ ೧೧,೫೨೦ ಚಿತ್ರಗಳು; ಅವುಗಳಲ್ಲಿ ಅವನ ಪ್ರಾಣವೆಲ್ಲ ಆ ಒಂದು ಷಾಟಿನಲ್ಲಿತ್ತು. ಸಂಕಲನದ ಹುಡುಗಿ ಅದನ್ನು ತೆಗೆದುಹಾಕಿದಳು. ಹುಡುಗ ಕೊಡೆ ಬಿಚ್ಚುವ ಹೊತ್ತಿನಲ್ಲಿ ಇದು ಬಂದರೆ ನೋಡುವವರು ಅವನನ್ನು ಮರೆಯುತ್ತಾರೆ ಎಂಬುದು ಅವಳ ವಾದ. ಎರಡು ದಿನ ಮಾತುಕತೆ ನಿಂತಿತು. ಕ್ಯಾಮೆರಾದವನು ತನ್ನ ಕ್ಯಾಮೆರಾ ತೆಗೆದುಕೊಂಡು ಮನೆಗೆ ಹೊರಡುವುದೊಂದು ಬಾಕಿ. ನಿರ್ದೇಶಕ ತೀರ್ಮಾನ ಹೇಳಬೇಕಷ್ಟೆ? ಮೊದಲ ವಾರದಲ್ಲಾಗಿದ್ದರೆ ತನ್ನ ಕೋಳಿ ಕೂಗಿದರೇ ಬೆಳಗಾಗುವುದೆಂದ ಅಜ್ಜಿಯಂತೆ ಕೂಗಿಬಿಡುತ್ತಿದ್ದ. ಈಗ ಅವನು ಬಾಯಿ ಬಿಡಲಿಲ್ಲ. ಹೇಳಿದರೆ ಒಬ್ಬರು ಹೋಗುತ್ತಾರೆಂಬುದು ಅವನಿಗೆ ಗೊತ್ತಿತ್ತು.

ಶಬ್ದದ ಹುಡುಗಿ ಇಬ್ಬರನ್ನೂ ಕೂರಿಸಿ, ಎರಡು ಬಗೆಯ ಜೋಡಣೆಗೂ ತನ್ನ ಮಳೆಯನ್ನು ಹಾಕಿ ತೋರಿಸಿದಳು. ಗುಡ್ಡದ ಷಾಟ್ ಇದ್ದಾಗ ಕಣ್ಣು ಗುಡ್ಡದ ಮೇಲೆ, ಕಿವಿ ಕೊಡೆಯ ಕೆಳಗೆ. ಎರಡೂ ಹೊಂದುವುದಿಲ್ಲ. ಗುಡ್ಡದ ಗಾಳಿಮಳೆಯ ಸದ್ದು ಹಾಕಿದರೆ ಕೊಡೆಯ ಹನಿ ಸಾಯುತ್ತದೆ. ಮೂರು ಸಲ ಕೇಳಿದ ಮೇಲೆ ಕ್ಯಾಮೆರಾದವನೇ ‘ತೆಗೆದುಬಿಡಿ’ ಎಂದು ಎದ್ದು ಹೊರಗೆ ಹೋದ. ಅವನ ಹಿಂದೆ ಸಂಕಲನದ ಹುಡುಗಿಯೂ ಹೋದಳು. ಹೊರಗೆ ಏನು ಮಾತಾಯಿತೋ ನಾನು ಕೇಳಲಿಲ್ಲ. ನಮ್ಮ ಚಿತ್ರದ ಅತ್ಯುತ್ತಮ ಷಾಟ್ ನಮ್ಮ ಚಿತ್ರದಲ್ಲಿ ಇಲ್ಲ ಎಂದು ಅವನು ಈಗಲೂ ಹೇಳುವುದುಂಟು. ಇರಬಹುದು.

ನಮ್ಮದು ಪೇಟೆಯ ಮಾತಾಯಿತು. ಲೋಕದ ಕಣ್ಣಿಗೆ ಬಿದ್ದ ಒಂದು ಕನ್ನಡ ಚಿತ್ರವೂ ಉಂಟು. ಅದೂ ಹದಿನಾರು ನಿಮಿಷದ ವಿದ್ಯಾರ್ಥಿ ಚಿತ್ರವೇ. ೨೦೨೪ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಪ್ರಥಮ ಬಹುಮಾನ ಪಡೆದ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಜಾನಪದದ ಎಳೆ. ೫೫೫ ಶಾಲೆಗಳಿಂದ ಬಂದ ೨,೨೬೩ ಚಿತ್ರಗಳಲ್ಲಿ ಸ್ಪರ್ಧೆಗೆ ಆರಿಸಿದ್ದು ೧೮. ಅವುಗಳಲ್ಲಿ ಇದು ಮೊದಲನೆಯದು. ನಿರ್ದೇಶಕ ಚಿದಾನಂದ ಎಸ್. ನಾಯ್ಕ ಅವರು ಮೈಸೂರಿನವರು, ವೈದ್ಯಶಾಸ್ತ್ರ ಓದಿದವರು. ಈ ಹೆಸರನ್ನು ನೀವು ಕೇಳಿರುತ್ತೀರಿ. ಪುಣೆಯ ಸಂಸ್ಥೆಯ ಒಂದು ವರ್ಷದ ಟೆಲಿವಿಷನ್ ತರಗತಿಯಲ್ಲಿ ನಾಲ್ಕು ವಿಭಾಗಗಳ ನಾಲ್ವರು ಕೂಡಿ ವರ್ಷದ ಕೊನೆಗೆ ಮಾಡಿದ ಅಭ್ಯಾಸ ಅದು. ಚಿತ್ರೀಕರಣಕ್ಕೆ ಸಿಕ್ಕದ್ದು ನಾಲ್ಕು ದಿನ. ಕ್ಯಾಮೆರಾ ಸೂರಜ್ ಠಾಕೂರ್, ಸಂಕಲನ ಮನೋಜ್ ವಿ., ಶಬ್ದ ಅಭಿಷೇಕ್ ಕದಂ. ಈ ಮೂರು ಹೆಸರುಗಳನ್ನು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಬೆಳಗೇ ಆಗದ ಊರಿನ ಕಥೆಯಲ್ಲಿ ಕತ್ತಲೆಯನ್ನು ಕಣ್ಣಿಗೆ ಕಾಣುವಂತೆ ತೋರಿಸಬೇಕು, ಕತ್ತಲೆಯ ಸದ್ದನ್ನು ಕಿವಿಗೆ ಕೇಳಿಸಬೇಕು. ಅದನ್ನು ಮಾಡಿದವರು ಯಾರೆಂದು ಕೇಳುವುದು ನಿರ್ದೇಶಕರ ಕೀರ್ತಿಗೆ ಕುಂದು ತರುವ ಪ್ರಶ್ನೆಯಲ್ಲ.

ನಮ್ಮ ಚಿತ್ರವನ್ನು ಕಾಲೇಜಿನ ಹಾಲಿನಲ್ಲಿ ತೋರಿಸಿದೆವು. ಶಬ್ದದ ಹುಡುಗಿಯ ತಂದೆ ಹಳ್ಳಿಯಿಂದ ಬಂದಿದ್ದರು. ಮೂರು ತಿಂಗಳು ಮಗಳು ಹೊತ್ತಲ್ಲದ ಹೊತ್ತಿಗೆ ಮನೆ ಸೇರಿದ್ದಕ್ಕೆ ಅವರಿಗೆ ಸಮಾಧಾನವಿರಲಿಲ್ಲ. ಮುಂದಿನ ವರ್ಷ ಓದು ಸಾಕೆಂಬ ಮಾತೂ ಮನೆಯಲ್ಲಿ ಬಂದಿತ್ತಂತೆ. ಚಿತ್ರ ಮುಗಿದ ಮೇಲೆ, ‘ಇದರಲ್ಲಿ ನಿಂದು ಯಾವುದಮ್ಮ? ನೀನು ಎಲ್ಲೂ ಕಾಣಲಿಲ್ಲವಲ್ಲ’ ಎಂದರು. ಅವಳು ಉತ್ತರ ಕೊಡದೆ ಅವರನ್ನು ಯಂತ್ರದ ಬಳಿಗೆ ಕರೆದೊಯ್ದು, ಕೊನೆಯ ಒಂದು ನಿಮಿಷವನ್ನು ಶಬ್ದವಡಗಿಸಿ ತೋರಿಸಿದಳು; ಆಮೇಲೆ ಶಬ್ದದೊಂದಿಗೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಮಳೆಯೆಲ್ಲ ನಿಂದೇನು?’ ಎಂದು ಕೇಳಿದರು.

ಕೊಡೆಯ ಮುದುಕರೂ ಬಂದಿದ್ದರು, ಮಡಿಮಾಡಿದ ಅಂಗಿ ತೊಟ್ಟು ಮೊದಲ ಸಾಲಿನಲ್ಲಿ ಕುಳಿತಿದ್ದರು. ಚಿತ್ರ ಹೇಗಿತ್ತು ಅಜ್ಜಾ ಎಂದು ನಿರ್ದೇಶಕ ಓಡಿಹೋಗಿ ಕೇಳಿದ. ಇಡೀ ಹಾಲಿನಲ್ಲಿ ಬೇರೆ ಯಾರಿಗೂ ತಿಳಿಯದಿದ್ದುದು ಅವರಿಗೆ ತಿಳಿದಿತ್ತು. ‘ಚೆನ್ನಾಗಿದೆ ಕಣಪ್ಪ. ಆದರೆ ಹನ್ನೊಂದು ಕೊಡೆ ಹೊಲಿದಿದ್ದೆ, ಒಂಬತ್ತೇ ಬಂದಿವೆ. ಇನ್ನೆರಡು ಎಲ್ಲಿ?’ ಎಂದರು. ಲೆಕ್ಕದ ಹುಡುಗ ತನ್ನ ಪುಸ್ತಕ ತೆಗೆದು ನೋಡಿದ. ಸಂಕಲನದಲ್ಲಿ ಹೋದ ಕೊಡೆಗಳು ನಿಜಕ್ಕೂ ಎರಡು.