ಸದ್ದಿಲ್ಲದೆ ಲಿವರನ್ನು ತಿನ್ನುವ ರೋಗ

(ಗಿರಣಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಮೈಯಲ್ಲಿ ನೋವಿಲ್ಲದಿದ್ದರೆ ರೋಗವೂ ಇಲ್ಲವೆಂದು ನಾವು ತಿಳಿಯುತ್ತೇವೆ. ಹೆಪಟೈಟಿಸ್ ಸಿ ಎಂಬ ವೈರಸ್ಸು ಬಾಳುವುದೇ ನಮ್ಮ ಈ ನಂಬಿಕೆಯಿಂದ.

ಬಲಪಕ್ಕೆಯ ಅಡಿಯಲ್ಲಿರುವ ಯಕೃತ್ತು, ಅಂದರೆ ಲಿವರು, ಮೈಯೊಳಗಿನ ಗಿರಣಿಯಿದ್ದಂತೆ. ಉಂಡದ್ದರ ಸಾರವನ್ನು ಕೂಡಿಡುವುದು, ಪಿತ್ತರಸ ಮಾಡುವುದು, ರಕ್ತದಲ್ಲಿನ ವಿಷ ಕಳೆಯುವುದು ಅದರ ಕೆಲಸ. ವೈರಸ್ಸು ರಕ್ತದ ಮೂಲಕ ಬಂದು ಅದರ ಜೀವಕೋಶಗಳನ್ನು ಹೊಕ್ಕು ಅಲ್ಲಿಯೇ ಬೆಳೆಯುತ್ತದೆ. ಅದನ್ನು ಓಡಿಸಲು ಮೈ ಹೂಡುವ ಕಾಳಗದಲ್ಲಿ ಕೋಶಗಳೇ ಸಾಯುತ್ತವೆ. ಸತ್ತ ಕಡೆ ಗಟ್ಟಿ ನಾರು ಕಟ್ಟುತ್ತದೆ. 100ರಲ್ಲಿ ಸುಮಾರು 30 ಮಂದಿಗೆ ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ. ಉಳಿದವರಲ್ಲಿ ಮನೆಮಾಡುತ್ತದೆ. ಹಾಗೆ ಉಳಿದ 100 ಮಂದಿಯಲ್ಲಿ 15ರಿಂದ 30 ಮಂದಿಗೆ ಇಪ್ಪತ್ತು ವರ್ಷಗಳಲ್ಲಿ ಲಿವರು ಗಂಟುಗಂಟಾಗುತ್ತದೆ, ಇದೇ ಸಿರೋಸಿಸ್. ಮುಂದೆ ಹೊಟ್ಟೆಯಲ್ಲಿ ನೀರು ತುಂಬಬಹುದು, ಕ್ಯಾನ್ಸರೂ ಆಗಬಹುದು. ಅಲ್ಲಿಯವರೆಗೆ ಹಲವರಿಗೆ ಸ್ವಲ್ಪ ಆಯಾಸ, ಅಷ್ಟೇ. ರಾತ್ರಿಪಾಳಿ ಮಾಡುವವರಲ್ಲಿ ಆಯಾಸವನ್ನು ಯಾರು ರೋಗವೆಂದಾರು?

ಈಜಿಪ್ಟಿನಲ್ಲಿ ನಡೆದದ್ದನ್ನು ಕೇಳಿರಿ. ಕಾಲುವೆ ನೀರಿನಲ್ಲಿ ನಿಂತು ದುಡಿಯುವ ಅಲ್ಲಿನ ರೈತರಿಗೆ ಒಂದು ಹುಳುವಿನ ರೋಗ ಅಂಟುತ್ತಿತ್ತು. 1950ರ ದಶಕದಿಂದ 1980ರ ದಶಕದವರೆಗೆ ಸರಕಾರ ಹಳ್ಳಿಹಳ್ಳಿಗೆ ಹೋಗಿ ಸೂಜಿಮದ್ದು ಕೊಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಅವೇ ಗಾಜಿನ ಸಿರಿಂಜುಗಳು, ಸರಿಯಾಗಿ ಕುದಿಸದ ಅವೇ ಸೂಜಿಗಳು! ಹುಳುವಿನ ಮದ್ದಿನೊಡನೆ ಈ ವೈರಸ್ಸೂ ಮೈ ಸೇರಿತು. ವೈರಸ್ಸಿನ ಗುರುತು ಸಿಕ್ಕಿದ್ದೇ 1989ರಲ್ಲಿ. ಕೊನೆಗೆ 2018-19ರಲ್ಲಿ ಅದೇ ಸರಕಾರ ಸುಮಾರು 5 ಕೋಟಿ ಜನರ ರಕ್ತ ನೋಡಿ, ರೋಗವಿದ್ದವರಿಗೆ ಧರ್ಮಾರ್ಥ ಔಷಧ ಕೊಟ್ಟಿತು. ನಮ್ಮಲ್ಲೂ ಡಾಕ್ಟರು ಸೂಜಿ ಚುಚ್ಚದಿದ್ದರೆ ಮದ್ದೇ ಕೊಡಲಿಲ್ಲವೆಂದು ಗೊಣಗುವವರಿದ್ದಾರೆ.

ಒಟ್ಟಿಗೆ ಉಂಡರೆ, ಕೈಹಿಡಿದರೆ ಇದು ಅಂಟದು. ಒಬ್ಬರಿಗೆ ಬಳಸಿದ ಸೂಜಿ, ಕ್ಷೌರದ ಬ್ಲೇಡು, ಹಚ್ಚೆಯ ಸೂಜಿಗಳಿಗೆ ಅಂಜಬೇಕು. ಲಸಿಕೆ ಇಲ್ಲ, ಆದರೆ ಗುಳಿಗೆಯಿದೆ. ಸಾಮಾನ್ಯವಾಗಿ 12 ವಾರ ನುಂಗಿದರೆ 100ರಲ್ಲಿ 95ಕ್ಕೂ ಮಿಕ್ಕಿ ಗುಣವಾಗುತ್ತಾರೆ. 2013ರಲ್ಲಿ ಅಮೆರಿಕದ ಪೇಟೆಗೆ ಬಂದಾಗ ಇದರ ಒಂದೊಂದು ಗುಳಿಗೆಗೆ 1000 ಡಾಲರು! ಕಂಪನಿಯವರಿಗೆ ಅದು ನ್ಯಾಯವಾದ ಬೆಲೆ. ನಮ್ಮ ದೇಶದಲ್ಲಿ 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡಕ್ಕೂ ದುಡ್ಡಿಲ್ಲ.

ರಕ್ತನಿಧಿಗಳಲ್ಲಿ ಈ ಪರೀಕ್ಷೆ ಬರುವ ಮೊದಲು ರಕ್ತ ಹಾಕಿಸಿಕೊಂಡವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ. ಮೊದಲ ಪರೀಕ್ಷೆಯಲ್ಲಿ ಗುರುತು ಕಂಡರೆ ಎದೆಗುಂದಬೇಡಿ. ವೈರಸ್ಸು ಎಂದೋ ಬಂದು ಹೋಗಿದ್ದರೂ ಹಾಗೆ ಕಾಣುತ್ತದೆ. ಅದು ಈಗಲೂ ಇದೆಯೇ ಎಂದು ತಿಳಿಯಲು ಎರಡನೆಯ ರಕ್ತಪರೀಕ್ಷೆ ಉಂಟು. ಅದನ್ನು ಕೇಳಿ ಮಾಡಿಸಿಕೊಳ್ಳಿರಿ.