ವಿದ್ಯುತ್ತಿನ ಮನೆಲೆಕ್ಕ

ಕಲ್ಯಾಣವೆಂದೊಡನೆ ಚಾಲುಕ್ಯರ ರಾಜಧಾನಿಯೂ ಬಸವಾದಿ ಶರಣರೂ ನೆನಪಿಗೆ ಬರುವುದು ಸಹಜ. ಈ ದಿನ ನಾವು ಹೇಳಹೊರಟಿರುವ ವಿಷಯ ಅಷ್ಟು ಘನವಾದುದಲ್ಲ. ಸಂಜೆಯ ಹೊತ್ತು ಬಸವಕಲ್ಯಾಣದ ಓಣಿಯ ಕಟ್ಟಕಡೆಯ ಮನೆಯಲ್ಲಿ ನೀರು ಕಾಯಿಸುವ ಹೀಟರು ಮಂದವಾಗುವುದೇಕೆ, ಹುಮನಾಬಾದಿನ ಅಂಗಡಿಯೊಂದರ ಗೋಡೆಯಲ್ಲಿ ಪ್ಲಗ್ಗು ಸುಟ್ಟು ಕಪ್ಪಾಗುವುದೇಕೆ ಎಂಬುದಷ್ಟೇ ನಮ್ಮ ಪ್ರಶ್ನೆ. ಎರಡಕ್ಕೂ ಉತ್ತರವು ವೋಲ್ಟು ಮತ್ತು ಆಂಪಿಯರು ಎಂಬ ಎರಡು ಅಂಕಿಗಳಲ್ಲಿ ಅಡಗಿದೆ.

ವೋಲ್ಟೆಂಬುದು ವಿದ್ಯುತ್ತನ್ನು ತಳ್ಳತಕ್ಕ ಒತ್ತಡದ ಅಳತೆ; ಆಂಪಿಯರು ಹರಿಯತಕ್ಕ ಪ್ರವಾಹದ ಅಳತೆ. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ಬರುವುದು ನಿರೋಧ. ಅದರ ಮಾನ ಓಮು. ಒತ್ತಡವನ್ನೂ ಪ್ರವಾಹವನ್ನೂ ಗುಣಿಸಿದರೆ ಬರುವುದು ಸಾಮರ್ಥ್ಯ; ಅದರ ಮಾನ ವ್ಯಾಟು. ಇಷ್ಟೇ ಲೆಕ್ಕ. ಇದರ ಮೊದಲರ್ಧವನ್ನು 1827ರಲ್ಲಿ ಪ್ರಕಟಿಸಿದ ಜರ್ಮನಿಯ ಗೇಆರ್ಗ್ ಓಮನು ಶಾಲೆಯ ಉಪಾಧ್ಯಾಯನಾಗಿದ್ದನು. ಸ್ವದೇಶದಲ್ಲಿ ಅವನ ಮಾತಿಗೆ ಬಹುಕಾಲ ಮನ್ನಣೆ ದೊರೆಯಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಅವನಿಗೆ ಕಾಪ್ಲಿ ಪದಕವನ್ನಿತ್ತಿತು.

ಹೀಟರಿನ ಮೇಲೆ 230 ವೋಲ್ಟು, 1000 ವ್ಯಾಟು ಎಂದು ಬರೆದಿದೆಯೆಂದು ಭಾವಿಸೋಣ. ಸಾವಿರವನ್ನು 230ರಿಂದ ಭಾಗಿಸಿದರೆ ಪ್ರವಾಹ ಸುಮಾರು 4.35 ಆಂಪಿಯರು, ನಿರೋಧ ಸುಮಾರು 53 ಓಮು. ಸಂಜೆ ಒತ್ತಡವು 180 ವೋಲ್ಟಿಗೆ ಇಳಿಯಿತೆನ್ನಿ. ಆಗ ಪ್ರವಾಹವೂ 3.4ಕ್ಕೆ ಇಳಿಯುತ್ತದೆ. ಎರಡನ್ನೂ ಗುಣಿಸಿದರೆ 612 ವ್ಯಾಟು. ಒತ್ತಡ ಕುಗ್ಗಿದ್ದು ನೂರಕ್ಕೆ 22ರಷ್ಟು. ಕಾವು ಕುಗ್ಗಿದ್ದು ನೂರಕ್ಕೆ 39ರಷ್ಟು! ಒತ್ತಡ ಇಳಿದರೆ ಬಿಲ್ಲೂ ಇಳಿಯುವುದೆಂದು ಸಮಾಧಾನಪಡುವವರುಂಟು. ಆದರೆ ನೀರು ಕಾಯಲು ಬೇಕಾದ ಶಾಖವು ಅಷ್ಟೇ ಆಗಿರುವುದರಿಂದ ಹೀಟರು ಹೆಚ್ಚು ಹೊತ್ತು ಉರಿಯಬೇಕು; ಆ ಹೆಚ್ಚಿನ ಹೊತ್ತಿನಲ್ಲಿ ಬಕೆಟ್ಟಿನಿಂದ ಗಾಳಿಗೆ ಸೇರುವ ಶಾಖವು ಮೇಲುಖರ್ಚು.

ಎಲ್ಲ ವಸ್ತುವೂ ಹೀಟರಿನಷ್ಟು ಸರಳವಲ್ಲ. ಹಳೆಯ ನೂರು ವ್ಯಾಟಿನ ತಂತುದೀಪಕ್ಕೆ ಲೆಕ್ಕದಂತೆ 529 ಓಮು ನಿರೋಧವಿರಬೇಕು. ಆರಿದ ದೀಪವನ್ನು ಅಳೆದರೆ ಸಿಗುವುದು ಸುಮಾರು 40 ಓಮು ಮಾತ್ರ! ಲೆಕ್ಕ ತಪ್ಪಿಲ್ಲ; ಟಂಗ್‌ಸ್ಟನ್ನಿನ ಎಳೆ ಕಾದಂತೆ ಅದರ ನಿರೋಧವು ಹತ್ತು ಪಾಲಿಗೂ ಮಿಕ್ಕಿ ಏರುತ್ತದೆ. ಅಂಥ ದೀಪಗಳು ಸ್ವಿಚ್ಚು ಒತ್ತಿದ ಕ್ಷಣದಲ್ಲಿಯೇ ಹೆಚ್ಚಾಗಿ ಸುಟ್ಟುಹೋಗುತ್ತಿದ್ದುದು ಇದರಿಂದಲೇ.

ಇನ್ನು ತಂತಿಯ ವಿಚಾರ. ತಂತಿಗೂ ನಿರೋಧವುಂಟೆಂಬುದನ್ನು ನಾವು ಮರೆಯುತ್ತೇವೆ. ಪ್ರವಾಹದ ವರ್ಗವನ್ನು ತಂತಿಯ ನಿರೋಧದಿಂದ ಗುಣಿಸಿದರೆ ವ್ಯರ್ಥವಾಗಿ ಕಾವಾಗಿ ಹೋಗುವ ವ್ಯಾಟುಗಳು ಸಿಗುತ್ತವೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ವಿದ್ಯುತ್ತನ್ನು ಒಯ್ದಾಗ 30 ಸಾವಿರ ವೋಲ್ಟಿಗೆ ಕಡಿಮೆಯಿಲ್ಲದ ಒತ್ತಡವನ್ನು ಹೂಡಿದ್ದು ಈ ಕಾರಣದಿಂದ. 230 ವೋಲ್ಟಿಗೆ ಹೋಲಿಸಿದರೆ ಅದೇ ಸಾಮರ್ಥ್ಯವನ್ನು ಸಾಗಿಸಲು ಪ್ರವಾಹವು 130ರಲ್ಲೊಂದು ಪಾಲು ಸಾಕು. ಅದೇ ತಂತಿಯಲ್ಲಿ ನಷ್ಟವು 17 ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ.

ಅಂಗಡಿಯ ಗೋಡೆಗೆ ಮರಳೋಣ. 1.5 ಚದರ ಮಿಲಿಮೀಟರಿನ ತಾಮ್ರದ ತಂತಿ 30 ಮೀಟರು ದೂರ ಹೋಗಿ ಬಂದರೆ ಅದರ ನಿರೋಧ ಸುಮಾರು 0.7 ಓಮು. ಹತ್ತು ಆಂಪಿಯರು ಹರಿದಾಗ 70 ವ್ಯಾಟು ಕಾವು 60 ಮೀಟರಿನುದ್ದಕ್ಕೂ ಹಂಚಿಹೋಗುತ್ತದೆ, ಅಪಾಯವಿಲ್ಲ. ಆದರೆ ಸಡಿಲವಾದ ಒಂದು ಸ್ಕ್ರೂವಿನಲ್ಲಿ ಒಂದೇ ಓಮು ನಿರೋಧ ಹುಟ್ಟಿದರೆ ನೂರು ವ್ಯಾಟು ಕಾವು ಉಗುರಿನಷ್ಟು ಜಾಗದಲ್ಲಿ ಕೂಡಿಬೀಳುತ್ತದೆ. ಫ್ಯೂಜು ಕಾಪಾಡುವುದಿಲ್ಲವೆ ಎಂದು ಕೇಳಬಹುದು. ಫ್ಯೂಜು ಕಾಣುವುದು ಪ್ರವಾಹವನ್ನು. ಪ್ರವಾಹವೋ ಹತ್ತನ್ನು ಮೀರಿಯೇ ಇಲ್ಲ. ಬೆಂಕಿ ಹೊತ್ತುವ ತನಕ ಅದು ಸುಮ್ಮನಿರುತ್ತದೆ.

ಈ ಎರಡು ಊರುಗಳ ಸುತ್ತಿನ ಕಬ್ಬಿನ ಹೊಲಗಳ ಪಂಪಿನ ರೀತಿ ಇನ್ನೂ ಬೇರೆ. ಒತ್ತಡ ಇಳಿದಾಗ ಹೊರೆ ಹೊತ್ತ ಮೋಟಾರು ಹೀಟರಿನಂತೆ ಪ್ರವಾಹವನ್ನು ತಗ್ಗಿಸಿಕೊಳ್ಳದೆ ಹೆಚ್ಚಿಸಿಕೊಳ್ಳುತ್ತದೆ. ಏಳು ಆಂಪಿಯರು ಒಂಬತ್ತಾದರೆ ಸುರುಳಿಯ ಕಾವು ಒಂದೂವರೆ ಪಾಲನ್ನು ಮೀರುತ್ತದೆ. ಸುಟ್ಟ ಮೋಟಾರನ್ನು ಹೊತ್ತು ತಂದ ರೈತನು ತಯಾರಕನನ್ನು ಬಯ್ಯುವುದುಂಟು. ಅನೇಕ ವೇಳೆ ಬಯ್ಯಬೇಕಾದ್ದು ತಂತಿಯನ್ನು. ಮೋಟಾರಿನಲ್ಲಿ ವೋಲ್ಟು ಆಂಪಿಯರುಗಳ ಗುಣಲಬ್ಧವನ್ನು ಪವರ್ ಫ್ಯಾಕ್ಟರಿನಿಂದಲೂ ಗುಣಿಸಿದ ಹೊರತು ವ್ಯಾಟು ಬಾರದೆಂಬುದನ್ನು ಇಲ್ಲಿ ಸೂಚಿಸಿ ಮುಂದೆ ಹೋಗುತ್ತೇವೆ.

ಮನೆಯ ತಂತಿಯ ಗುಪ್ತ ನಿರೋಧವನ್ನು ಕಂಡುಹಿಡಿಯಲು ಗೋಡೆ ಒಡೆಯಬೇಕಿಲ್ಲ. ಕೆಲಸ ಬಲ್ಲ ಮಿಸ್ತ್ರಿಯ ಕೈಯಿಂದ ಪ್ಲಗ್ಗಿನ ಬಳಿ ಅಳತೆ ಮಾಡಿಸಬೇಕು. ಹೀಟರು ಹಾಕದಿರುವಾಗ 224 ವೋಲ್ಟು, ಹಾಕಿದೊಡನೆ 208 ವೋಲ್ಟು, ಪ್ರವಾಹ 4 ಆಂಪಿಯರು ಎಂದಿಟ್ಟುಕೊಳ್ಳೋಣ. ಕುಸಿದದ್ದು 16 ವೋಲ್ಟು. ನಾಲ್ಕರಿಂದ ಭಾಗಿಸಿದರೆ ದಾರಿಯ ನಿರೋಧ 4 ಓಮು. ದಾರಿಯಲ್ಲಿ ಕಳೆದುಹೋಗುವುದು 64 ವ್ಯಾಟು. ಇದೇ ಅಳತೆಯನ್ನು ಮೀಟರಿನ ಬಳಿಯೂ ಮಾಡಿಸತಕ್ಕದ್ದು. ಅಲ್ಲಿಯೂ ಕುಸಿತ 16 ವೋಲ್ಟಿನಷ್ಟೇ ಇದ್ದರೆ ದೋಷವು ಬೀದಿಯ ಕಡೆಯದು. ಅಂಕಿಗಳನ್ನು ಬರೆದು ಜೆಸ್ಕಾಂ ಕಚೇರಿಗೆ ಕೊಡಬಹುದು. ಅಲ್ಲಿ 3 ವೋಲ್ಟು ಮಾತ್ರ ಕುಸಿದಿದ್ದರೆ ಉಳಿದ 13 ವೋಲ್ಟು ಮನೆಯೊಳಗೇ ಹೋಗುತ್ತಿದೆ. ಎಂದರೆ 52 ವ್ಯಾಟು ಕಾವು ಗೋಡೆಯಲ್ಲೆಲ್ಲೋ ಕುಳಿತಿದೆ. ಹೀಟರನ್ನು ಅಂದೇ ನಿಲ್ಲಿಸಿ, ಮೇನು ತೆಗೆಸಿ, ಕೂಡುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿಸಬೇಕು.