ಮನಸ್ಸು ಕದಡಿದಾಗ
(ಶತಮಾನೋತ್ಸವದ ಸಿದ್ಧತೆಗಾಗಿ ನಡೆದ ಧ್ಯಾನಕೂಟದಲ್ಲಿ ಧರ್ಮಕೇಂದ್ರದ ಗುರುಗಳು ನೀಡಿದ ಪ್ರವಚನ)



ದೇವಾಲಯಕ್ಕೆ ನೂರು ವರ್ಷ ತುಂಬುತ್ತಿರುವ ಸಂಭ್ರಮದ ದಿನಗಳಲ್ಲಿ ದುಃಖ, ಕೋಪ, ಕಳವಳಗಳ ಮಾತೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಬಹುದು. ಗೋಡೆಗೆ ಸುಣ್ಣ ಬಳಿದಾಯಿತು, ಗೋಪುರಕ್ಕೆ ದೀಪ ಕಟ್ಟಿದ್ದಾಯಿತು. ಆದರೆ ಈ ಗೋಡೆಗಳ ನಡುವೆ ಮೊಣಕಾಲೂರಿ ಕುಳಿತವರ ಎದೆಯಲ್ಲಿ ಏನಿದೆ ಎಂಬುದನ್ನು ವಿಚಾರಿಸದೆ ಉತ್ಸವ ಆಚರಿಸಲು ನಮಗೆ ಮನಸ್ಸಾಗಲಿಲ್ಲ.

ಮೊದಲು ನಮ್ಮದೇ ತಪ್ಪೊಂದನ್ನು ತಮ್ಮ ಮುಂದಿಡುತ್ತೇವೆ. ಗುರುದೀಕ್ಷೆಯಾಗಿ ಐದಾರು ವರ್ಷಗಳಾಗಿದ್ದ ಕಾಲವದು. ಬೇರೊಂದು ಹಳ್ಳಿಯ ಧರ್ಮಕೇಂದ್ರದಲ್ಲಿದ್ದೆವು. ಒಂದು ಸಂಜೆ ರೈತ ಸಹೋದರನೊಬ್ಬನು ಗುರುನಿವಾಸಕ್ಕೆ ಬಂದನು. (ಇದು ಪಾಪನಿವೇದನೆಯಲ್ಲಿ ಕೇಳಿದುದಲ್ಲ, ಆತನ ಅಪ್ಪಣೆ ಪಡೆದೇ ಹೇಳುತ್ತಿದ್ದೇವೆ.) ಎರಡು ವರ್ಷ ಮಳೆ ಕೈಕೊಟ್ಟಿತ್ತು, ಸಾಲ ಬೆಳೆದಿತ್ತು, ಮೂರು ವಾರಗಳಿಂದ ಆತನಿಗೆ ನಿದ್ರೆಯಿರಲಿಲ್ಲ. "ಎದೆಯೊಳಗೆ ಏನೋ ಕುದಿಯುತ್ತದೆ ಸ್ವಾಮಿ, ಬದುಕೇ ಬೇಡವೆನ್ನಿಸುತ್ತದೆ" ಎಂದನು. ನಾವು ಗಡಿಯಾರ ನೋಡಿದೆವು. ಗಾಯನವೃಂದದ ಅಭ್ಯಾಸಕ್ಕೆ ಹೊತ್ತಾಗಿತ್ತು. ನಿನ್ನ ವಿಶ್ವಾಸ ಸಾಲದು, ಒಂಬತ್ತು ದಿನ ನವೇನ ಮಾಡು ಎಂದು ಹೇಳಿ, ಜಪಮಾಲೆಯೊಂದನ್ನು ಕೈಗಿತ್ತು ಕಳುಹಿಸಿದೆವು. ಮೂರನೆಯ ದಿನ ಆತನು ಸಾವಿನ ಹೊಸ್ತಿಲವರೆಗೆ ಹೋದನು. ನೆರೆಯವರ ಎಚ್ಚರದಿಂದ ಜೀವ ಉಳಿಯಿತು. ಆಸ್ಪತ್ರೆಯಲ್ಲಿ ನಮ್ಮನ್ನು ಕಂಡೊಡನೆ ಆತನಾಡಿದ ಮಾತು: "ಕ್ಷಮಿಸಿ ಸ್ವಾಮಿ, ನವೇನ ಮುಗಿಸಲಾಗಲಿಲ್ಲ."

ಅಂದು ರಾತ್ರಿ ನಮಗೆ ನೆನಪಾದವನು ಪ್ರವಾದಿ ಎಲೀಯನು. ರಾಣಿ ಈಜೆಬೆಲಳ ಬೆದರಿಕೆಗೆ ಅಂಜಿ ಅಡವಿಗೆ ಓಡಿದ ಆ ಮಹಾಪುರುಷನು ಒಂದು ಗಿಡದ ಕೆಳಗೆ ಕುಳಿತು, ತನ್ನ ಪ್ರಾಣವನ್ನು ತೆಗೆದುಕೊಳ್ಳೆಂದು ದೇವರನ್ನೇ ಬೇಡಿದನು. ಕಾರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಅಗ್ನಿಯನ್ನು ಇಳಿಸಿದವನಿಗೆ ಬಂದ ಅವಸ್ಥೆಯಿದು! ಅವನ ವಿಶ್ವಾಸ ಸಾಲದಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ದೇವದೂತನು ಬಂದು ಗದರಲಿಲ್ಲ, ಉಪದೇಶ ಮಾಡಲಿಲ್ಲ. ಮಲಗಿದ್ದವನನ್ನು ತಟ್ಟಿ, ಕೆಂಡದ ಮೇಲೆ ಸುಟ್ಟ ರೊಟ್ಟಿ ಮತ್ತು ಒಂದು ತಂಬಿಗೆ ನೀರನ್ನು ಮುಂದಿಟ್ಟನು. ಎಲೀಯನು ತಿಂದು, ಕುಡಿದು, ಮತ್ತೆ ಮಲಗಿದನು. ದೂತನು ಎರಡನೆಯ ಬಾರಿಯೂ ಉಣಿಸಿದನು. ದೇವರು ಮೆಲುದನಿಯಲ್ಲಿ ಮಾತಾಡಿದುದು ಅದಾದ ಮೇಲೆ, ಹೋರೇಬ್ ಬೆಟ್ಟದಲ್ಲಿ. ಮೊದಲು ನಿದ್ರೆ, ಮೊದಲು ಅನ್ನ. ಗುರುಮಠದಲ್ಲಿ ಈ ಅಧ್ಯಾಯವನ್ನು ಎಷ್ಟೋ ಬಾರಿ ಓದಿದ್ದೆವು. ರೊಟ್ಟಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಮನಸ್ಸಿನ ಚಲನವಲನಗಳನ್ನು ಬಹು ಸೂಕ್ಷ್ಮವಾಗಿ ಗಮನಿಸಿದ ಇನ್ನೊಬ್ಬರು ಸಂತ ಇಗ್ನೇಷಿಯಸ್ ಲೊಯೋಲರು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯಲ್ಲಿ ತೋಪಿನ ಗುಂಡು ತಗಲಿ ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಓದಲು ವೀರರ ಪ್ರಣಯಕಥೆಗಳನ್ನು ಕೇಳಿದರು. ಮನೆಯಲ್ಲಿದ್ದುದು ಕ್ರಿಸ್ತರ ಜೀವನ ಮತ್ತು ಸಂತರ ಚರಿತ್ರೆಗಳು ಮಾತ್ರ. ಒಂದು ಬಗೆಯ ಕನಸು ಕಾಣುವಾಗ ಹಿತವಾಗಿದ್ದು ಅನಂತರ ಮನಸ್ಸು ಒಣಗುತ್ತದೆ, ಇನ್ನೊಂದರ ಸಂತೋಷ ಆಮೇಲೂ ನಿಲ್ಲುತ್ತದೆ ಎಂಬುದನ್ನು ಅವರು ಗುರುತಿಸಿದ್ದು ಆ ಹಾಸಿಗೆಯಲ್ಲಿ. ಬಂದ ಭಾವನೆ ಎಲ್ಲಿಂದ ಬಂತು, ಎತ್ತ ಒಯ್ಯುತ್ತಿದೆ ಎಂದು ನೋಡುವ ಅಭ್ಯಾಸ ಅಲ್ಲಿ ಆರಂಭವಾಯಿತು.

ಆದರೆ ಕಷ್ಟ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಮನ್ರೇಸದಲ್ಲಿ, ಹಿಂದಿನ ಪಾಪಗಳನ್ನು ಸರಿಯಾಗಿ ನಿವೇದಿಸಿಲ್ಲವೆಂಬ ಸಂಶಯ ಅವರನ್ನು ಹಗಲಿರುಳು ಕೊರೆಯಿತು. ಪ್ರಾಣ ಕಳೆದುಕೊಳ್ಳುವ ಯೋಚನೆಯೂ ಬಂತು. ಸಂಕಟ ನೀಗಲೆಂದು ಒಂದು ವಾರ ಏನನ್ನೂ ತಿನ್ನಲಿಲ್ಲ. ಉಪವಾಸ ಮುರಿಯಬೇಕೆಂದು ಪಾಪನಿವೇದನೆಯ ಗುರುಗಳು ಆಜ್ಞಾಪಿಸಿದರು. ಅವರು ವಿಧೇಯರಾಗಿ ಉಂಡರು. ಆ ಗುರುಗಳ ಹೆಸರು ನಮಗೆ ತಿಳಿಯದಿದ್ದರೂ ಅವರ ವಿವೇಕಕ್ಕೆ ನಾವು ನಮಸ್ಕರಿಸುತ್ತೇವೆ.

1548ರಲ್ಲಿ ಪೋಪ್ ಮೂರನೆಯ ಪೌಲರ ಅನುಮೋದನೆಯೊಂದಿಗೆ ಅಚ್ಚಾದ ಅವರ ಆಧ್ಯಾತ್ಮಿಕ ಸಾಧನೆಗಳ ಗ್ರಂಥದಲ್ಲಿ ಈ ಅನುಭವದ ಸಾರವಿದೆ. ವಿಷಾದ ಕವಿದಿರುವಾಗ, ನೆಮ್ಮದಿಯ ಕಾಲದಲ್ಲಿ ಮಾಡಿದ ತೀರ್ಮಾನವನ್ನು ಬದಲಿಸಕೂಡದು ಎಂಬುದು ಅಲ್ಲಿನ ಒಂದು ನಿಯಮ. ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡಿ. ಎಷ್ಟು ಅಣ್ಣತಮ್ಮಂದಿರು ಒಂದೇ ರಾತ್ರಿಯ ಕೋಪದಲ್ಲಿ ಪಾಲಾಗಿಲ್ಲ? ಎಷ್ಟು ಮಂದಿ ಒಂದು ದಿನದ ಅವಮಾನಕ್ಕೆ ಕೆಲಸಕ್ಕೆ ರಾಜೀನಾಮೆ ಬರೆದಿಲ್ಲ? ನಾವೂ ಒಮ್ಮೆ ಮೇತ್ರಾಣಿಗಳಿಗೆ ಕಟುವಾದ ಪತ್ರವೊಂದನ್ನು ಬರೆದು, ಅಂಚೆಯ ಹೊತ್ತು ಮೀರಿದ್ದರಿಂದ ಮೇಜಿನ ಮೇಲಿಟ್ಟೆವು. ಬೆಳಗಿನ ಬಲಿಪೂಜೆಯಾದ ಮೇಲೆ ಓದಿ ನಾಚಿ ಒಲೆಗೆ ಹಾಕಿದೆವು. ಆ ದಿನ ನಮ್ಮನ್ನು ಕಾಪಾಡಿದುದು ಸದ್ಗುಣವಲ್ಲ, ಅಂಚೆಯಣ್ಣನ ಸಮಯಪಾಲನೆ!

ಇನ್ನೊಂದು ನಿಯಮ: ಒಳಗಿನ ಶೋಧನೆ ಗುಟ್ಟಾಗಿರಲು ಬಯಸುತ್ತದೆ, ತಿಳಿವಳಿಕೆಯುಳ್ಳ ಒಬ್ಬರ ಮುಂದೆ ಹೇಳಿಬಿಟ್ಟರೆ ಅದರ ಬಲ ಕುಂದುತ್ತದೆ. ಯೇಸುಸ್ವಾಮಿಯೇ ಗೆತ್ಸೆಮನೆಯಲ್ಲಿ ತಮ್ಮ ದುಃಖವನ್ನು ಮೂವರು ಶಿಷ್ಯರಿಗೆ ಬಾಯಿಬಿಟ್ಟು ಹೇಳಿ, ಜೊತೆಯಲ್ಲಿ ಎಚ್ಚರವಾಗಿರಿ ಎಂದು ಕೇಳಿಕೊಂಡರು. ಗಂಡಸರು ಅಳಬಾರದು, ಮನೆಯ ಮಾತು ಹೊರಗೆ ಹೋಗಬಾರದು ಎಂಬ ನಮ್ಮ ಹಟಕ್ಕೆ ಸುವಾರ್ತೆಯ ಆಧಾರವಿಲ್ಲ.

ಕೋಪ ಏರಿದಾಗ ಉಸಿರನ್ನು ನಿಧಾನವಾಗಿ, ದೀರ್ಘವಾಗಿ ಹೊರಬಿಟ್ಟರೆ ಎದೆಬಡಿತ ಇಳಿಯುತ್ತದೆ ಎಂದು ವೈದ್ಯರು ಹೇಳುತ್ತಾರೆ. ಅವಸರವಿಲ್ಲದೆ ಜಪಮಾಲೆ ಹೇಳುವ ನಮ್ಮ ಅಜ್ಜಿಯರಿಗೆ ಇದು ಹೊಸದಲ್ಲ. ಆದರೆ ನಿದ್ರೆ, ಹಸಿವು ವಾರಗಟ್ಟಲೆ ಹೋಗಿದ್ದರೆ, ಸಾಯುವ ಮಾತು ಬಾಯಿಗೆ ಬಂದರೆ, ಜಪದೊಡನೆ ವೈದ್ಯರೂ ಬೇಕು. ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ಮನಸ್ಸಿನ ಕಾಯಿಲೆಗೆ ನಾಚುವುದೇಕೆ? ಬೆಂಗಳೂರಿನಲ್ಲಿ ನಿಮ್ಹಾನ್ಸ್ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಹಗಲಾಗಲಿ ಇರುಳಾಗಲಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಧರ್ಮಸಭೆಯೂ ಕಲಿಯುತ್ತ ಬಂದಿದೆ. 1917ರ ಧರ್ಮಶಾಸನವು ಉದ್ದೇಶಪೂರ್ವಕವಾಗಿ ಪ್ರಾಣ ಕಳೆದುಕೊಂಡವರಿಗೆ ಧರ್ಮಸಭೆಯ ಶವಸಂಸ್ಕಾರವನ್ನು ನಿರಾಕರಿಸುತ್ತಿತ್ತು. 1983ರ ಶಾಸನದಲ್ಲಿ ಆ ಮಾತಿಲ್ಲ. ತೀವ್ರ ಮನೋವ್ಯಥೆಯು ಹೊಣೆಯನ್ನು ತಗ್ಗಿಸಬಲ್ಲದೆಂದು 1992ರ ಧರ್ಮೋಪದೇಶವು ಹೇಳುತ್ತದೆ. ಮನೆಯಲ್ಲಿ ಅಂಥ ನೋವುಂಡವರು ಇಲ್ಲಿ ಕುಳಿತಿದ್ದರೆ, ತಲೆ ತಗ್ಗಿಸಬೇಡಿ.

ಆ ರೈತ ಸಹೋದರನು ವೈದ್ಯರ ಔಷಧಿಯಿಂದಲೂ, ಸಾಲ ತೀರಿಸಲು ನೆರವಾದ ಅಣ್ಣನಿಂದಲೂ ಚೇತರಿಸಿಕೊಂಡನು. ಈಗ ಮೊಮ್ಮಕ್ಕಳನ್ನು ಕಂಡಿದ್ದಾನೆ. ಕ್ರಿಸ್ಮಸ್ಸಿಗೆ ತಪ್ಪದೆ ಫೋನು ಮಾಡುತ್ತಾನೆ. ಮಳೆ ಬೆಳೆಯ ಮಾತು ಆಮೇಲೆ. ನಾವು ಮೊದಲು ಕೇಳುವುದು ರಾತ್ರಿ ನಿದ್ರೆ ಬರುತ್ತಿದೆಯೇ ಎಂದು.